ಅಪ್ಪಯ್ಯನ ಗಟ್ಟಿಮೇಳ

ತಾಳಿ ಕಟ್ಟುವ ಹೊತ್ತಿಗೆ ಭಟ್ಟರು ಬೆರಳೆತ್ತುತ್ತಾರೆ. ಆಗ ವಾದ್ಯಗಳೆಲ್ಲ ಒಮ್ಮೆಲೇ ಜೋರಾಗಿ ಮೊಳಗಬೇಕು, ಅದು ಗಟ್ಟಿಮೇಳ. ಬ್ರಹ್ಮಾವರದಿಂದ ಬೈಂದೂರಿನವರೆಗೆ ನನ್ನ ಅಪ್ಪಯ್ಯನ ಸ್ಯಾಕ್ಸೋಫೋನ್ ಕೇಳದೆ ತಾಳಿ ಕಟ್ಟಿಸಿಕೊಂಡವರು ಕಡಿಮೆ ಎಂದು ಅಮ್ಮ ಜಂಬ ಕೊಚ್ಚುತ್ತಿದ್ದಳು. ಅರ್ಧ ಸುಳ್ಳು. ಆದರೂ ಕೇಳಲು ನನಗೆ ಖುಷಿಯಾಗುತ್ತಿತ್ತು.

ಅಪ್ಪಯ್ಯನ ಶ್ವಾಸಕೋಶ ಕೈಕೊಟ್ಟಿತು. ಡಾಕ್ಟರು ಊದಬೇಡಿ ಎಂದರು. ನಾನಾಗ ಕುಂದಾಪುರದಲ್ಲಿ ಮೈಕ್ ಬಾಡಿಗೆಗೆ ಕೊಡುವ ಒಂದು ಸೌಂಡ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಮುಂಬೈಯಲ್ಲಿ ಹೋಟೆಲಿಟ್ಟಿದ್ದ ಮಾವ ಹೊಸ ಲ್ಯಾಪ್‌ಟಾಪ್ ಕೊಡಿಸಿದರು. ಹಾಡು ಕಟ್ಟುವುದಕ್ಕೆ, ರೆಕಾರ್ಡಿಂಗಿಗೆ, ಮದುವೆಗೆ, ಎಲ್ಲಕ್ಕೂ ಅದೊಂದೇ. ಕರೆಂಟ್ ಹೋದರೂ ನಡೆಯುವ ಸ್ಟುಡಿಯೋ ಬೇರೆ ಎಲ್ಲಿ ಸಿಗಬೇಕು?

ಅಪ್ಪಯ್ಯನ ಒಂದೊಂದೇ ಸ್ವರವನ್ನು ಅದಕ್ಕೆ ತುಂಬಿಸಲು ಹೊರಟೆ. ಒಮ್ಮೆ ತುಂಬಿಸಿದರೆ ಸಾಕು, ಆಮೇಲೆ ಕೀಬೋರ್ಡಿನಲ್ಲಿ ನಾನು ಯಾವ ರಾಗ ನುಡಿಸಿದರೂ ಅವರೇ ಊದಿದ ಹಾಗೆ ಕೇಳುತ್ತದೆ. ಸದ್ದು ಒಳಗೆ ಬರದಂತೆ ಕಿಟಕಿಗೆ ಹಾಸಿಗೆ ಒರಗಿಸಿ, ಫ್ಯಾನ್ ಆರಿಸಿ ಕೂರುತ್ತಿದ್ದೆವು. ಅವರು ಒಂದು ಸ್ವರ ಊದಿ, ಗೋಡೆ ಹಿಡಿದು ಏದುಸಿರು ಬಿಡುತ್ತಿದ್ದರು. ಅಷ್ಟರಲ್ಲಿ ಗಂಗೊಳ್ಳಿಯಿಂದ ಬಂದ ಮೀನಿನ ಗಾಡಿ ಹಾರನ್ ಹೊಡೆದರೆ ಮುಗಿಯಿತು, ಮತ್ತೆ ಊದಬೇಕು. ಆ ಮೀನಿನವನನ್ನು ನಾನು ಬೈದಷ್ಟು ಬೇರೆ ಯಾರೂ ಬೈದಿರಲಿಕ್ಕಿಲ್ಲ. "ಬೈಬೇಡ ಮಾರಾಯ, ಅವಂಗೂ ಹೊಟ್ಟಿ ಇತ್ತಲೆ," ಎನ್ನುತ್ತಾ ಅಪ್ಪಯ್ಯ ಮತ್ತೆ ಊದುತ್ತಿದ್ದರು.

ಪ್ರತಿ ಸ್ವರದ ಹಿಂದುಮುಂದಿನ ಉಬ್ಬಸವನ್ನು ನಾನು ಕತ್ತರಿಸಿ ತೆಗೆದೆ. ಗಟ್ಟಿಮೇಳ ನುಡಿಸಿ ಕೇಳಿಸಿದಾಗ ಅಪ್ಪಯ್ಯ ಕಣ್ಣು ಮುಚ್ಚಿ ಕೂತರು.

"ಇಷ್ಟ್ ಉದ್ದ ಉಸ್ರ್ ನಂಗೆ ಯಾವತ್ತೂ ಇರ್ಲಿಲ್ಲ," ಎಂದರು. ವಾದ್ಯವನ್ನು ಒರೆಸಿ ಪೆಟ್ಟಿಗೆಗಿಡುತ್ತಾ, "ಇನ್ ನಾನ್ ಹ್ವಾರೂ ಅಡ್ಡಿಲ್ಲ. ಮದಿ ಮನಿಯಗೆ ನನ್ ಸ್ವರ ಇರತ್ತ್," ಎಂದರು.

ಅವರಿಗೆ ಬೇಕಿದ್ದದ್ದು ಅಷ್ಟೇ. ಆಮೇಲೆ ಎರಡು ಮದುವೆ ಸೀಸನ್ ನಾವಿಬ್ಬರೂ ಹಾಲ್‌ನಿಂದ ಹಾಲ್‌ಗೆ ಹೋದೆವು. ಅವರು ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು, ನಾನು ಲ್ಯಾಪ್‌ಟಾಪಿನಿಂದ ಅವರನ್ನೇ ನುಡಿಸುತ್ತಿದ್ದೆ. ಜನ ಅವರ ಹತ್ತಿರ ಬಂದು, ಲಾಯ್ಕಾಯ್ತು ಎಂದು ಹೇಳಿ ಊಟಕ್ಕೆ ಹೋಗುತ್ತಿದ್ದರು.

ಮಳೆಗಾಲದಲ್ಲಿ ಅಪ್ಪಯ್ಯ ತೀರಿಕೊಂಡರು.

ಸೂತಕ ಕಳೆದ ಮೇಲಿನ ಮೊದಲ ಮದುವೆ ಸಾಸ್ತಾನದ ಹತ್ತಿರದ ಒಂದು ಹಾಲ್‌ನಲ್ಲಿ. ಬೆಳಿಗ್ಗೆ ಒಂದು ಕೀರ್ತನೆ ನುಡಿಸುತ್ತಿದ್ದೆ. ಹುಡುಗಿಯ ಸೋದರಮಾವ ಬಂದು ಪಕ್ಕದಲ್ಲಿ ನಿಂತರು.

"ಹ್ವಾಯ್, ಇದ್ ನಿಮ್ ಅಪ್ಪಯ್ಯ ಊದಿದ್ದಲ್ದಾ?"

"ಹೌದು," ಎಂದೆ. ಹೆಮ್ಮೆಯಿಂದಲೇ ಎಂದೆ.

"ಬ್ಯಾಡ. ಬೇಜಾರ್ ಮಾಡ್ಕಂಬೇಡಿ. ಸತ್ತವ್ರ್ ಉಸ್ರಿಗೆ ತಾಳಿ ಕಟ್ಟುಕಾಗ. ಬೇರೆ ಎಂತಾರೂ ಹಾಕಿ."

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುತ್ತಾರೆ. ಆ ಗಾದೆ ವಾದ್ಯದವರಿಗಲ್ಲ. ಇದೇ ಮನುಷ್ಯ ತನ್ನ ಮದುವೆಯಲ್ಲಿ ಅಪ್ಪಯ್ಯನ ಗಟ್ಟಿಮೇಳಕ್ಕೇ ತಾಳಿ ಕಟ್ಟಿದವರು. ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಆದರೆ ಅವರ ಮುಖದಲ್ಲಿ ದುರಹಂಕಾರ ಇರಲಿಲ್ಲ, ನಿಜವಾದ ಹೆದರಿಕೆ ಇತ್ತು. ಮಂಟಪದಲ್ಲಿ ಕೂತಿದ್ದದ್ದು ಅವರು ಎತ್ತಿ ಆಡಿಸಿದ ಹುಡುಗಿ. ನನ್ನ ತಂಗಿಯ ಮದುವೆಯಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆನೋ ಏನೋ. ಹಾಗನ್ನಿಸಿದ್ದಕ್ಕೇ ಹೆಚ್ಚು ನೋವಾಯಿತು.

ಸಾಫ್ಟ್‌ವೇರ್ ಜೊತೆ ಪುಕ್ಕಟೆ ಬಂದಿದ್ದ ಸ್ಯಾಕ್ಸೋಫೋನ್ ಸ್ವರವೊಂದಿತ್ತು, ಯಾವ ದೇಶದವನು ಊದಿದ್ದೋ. ಅದನ್ನು ತೆರೆದೆ. ಭಟ್ಟರು ಬೆರಳೆತ್ತಿದರು. ಗಟ್ಟಿಮೇಳ ಮೊಳಗಿತು, ಅಕ್ಷತೆ ಬಿತ್ತು. ಮುಂದಿನ ಮದುವೆಗಳಿಗೆಲ್ಲ ಅದೇ ಆಯಿತು. ಅದನ್ನು ಊದಿದವನು ಬದುಕಿದ್ದಾನೋ ಸತ್ತಿದ್ದಾನೋ ಎಂದು ಈವರೆಗೆ ಯಾರೂ ಕೇಳಿಲ್ಲ.