ಹದಿನೇಳನೆಯ ವಾಲ್ವಿನ ಇಪ್ಪತ್ತೆಂಟು ಸುತ್ತು

ಕೆಲಸದವರೆಲ್ಲ ಅವನನ್ನು ಎಣಿಕೆಯಣ್ಣ ಅಂತಲೇ ಕರೆಯುತ್ತಿದ್ದರು. ಗ್ಯಾಸ್ ಪೈಪು ನೆಲದೊಳಗೆ ಹಾದುಹೋಗುವ ದಾರಿಯಲ್ಲಿ ಅಲ್ಲಲ್ಲಿ ತಂತಿಬೇಲಿ ಹಾಕಿದ ಪುಟ್ಟ ಅಂಗಳಗಳು. ಒಂದೊಂದರಲ್ಲೂ ಒಂದು ಹಳೇ ವಾಲ್ವು, ಅದರ ನೆತ್ತಿಯ ಮೇಲೆ ಲಾರಿ ಟೈರಿನಷ್ಟು ದೊಡ್ಡ ಕಬ್ಬಿಣದ ಚಕ್ರ. ವರ್ಷಕ್ಕೊಮ್ಮೆ ಗ್ಯಾಸನ್ನು ಪಕ್ಕದ ಸಣ್ಣ ಪೈಪಿನಲ್ಲಿ ಹರಿಯಬಿಟ್ಟು, ಪ್ರತಿ ವಾಲ್ವನ್ನೂ ಪೂರ್ತಿ ಮುಚ್ಚಿ ಮತ್ತೆ ತೆರೆಯಬೇಕು. ಇಲ್ಲದಿದ್ದರೆ ಬೇಕಾದ ದಿನ ಅದು ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಮುಚ್ಚಲು ಇನ್ನೂರ ನಲವತ್ತು ಸುತ್ತು, ತೆರೆಯಲು ಅಷ್ಟೇ. ಅವನು ಗಟ್ಟಿಯಾಗಿ ಎಣಿಸುತ್ತಾ ತಿರುಗಿಸುತ್ತಿದ್ದ. ನಿದ್ದೆಯಲ್ಲೂ ನೂರ ಹದಿನೆಂಟು, ನೂರ ಹತ್ತೊಂಬತ್ತು ಅಂತಾರೆ, ಗೊರಕೆಯೇ ವಾಸಿ ಎಂದು ಹೆಂಡತಿ ನಗಾಡುತ್ತಿದ್ದಳು.

ಮೂವತ್ತೊಂದು ವರ್ಷ ತಿರುಗಿಸಿ ಬಲಭುಜ ಕೈಕೊಟ್ಟಿತು. ಅಂಗಿಯ ತೋಳಿಗೆ ಕೈ ತೂರಿಸಲು ಹೆಂಡತಿ ಬರಬೇಕಿತ್ತು. ಆದರೂ ಕಚೇರಿಯಲ್ಲಿ ಅವನ ಹೆಸರು ಹೆಸರೇ. ಅವನು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿದನೆಂದರೆ ಎರಡನೇ ಮಾತಿಲ್ಲ.

ಆ ರಿಜಿಸ್ಟರಿನಲ್ಲಿ ಒಂದೇ ಒಂದು ಸುಳ್ಳಿತ್ತು, ಅದೂ ಮೂವತ್ತೊಂದು ಸಲ. ಹದಿನೇಳನೆಯ ವಾಲ್ವು ಇನ್ನೂರ ಹನ್ನೆರಡನೇ ಸುತ್ತಿಗೆ ನಿಂತುಬಿಡುತ್ತಿತ್ತು. ಒಳಗೆ ಏನೋ ಅಡ್ಡ ಸಿಕ್ಕಿಕೊಂಡಿತ್ತು. ಕೆಲಸ ಕಲಿಸಿದ ಹಿರಿಯನೇ ಮೊದಲ ವರ್ಷ ಕಿವಿಯಲ್ಲಿ ಹೇಳಿದ್ದ: ಅಲ್ಲಿಗೆ ನಿಲ್ಲಿಸು, ಇನ್ನೂರ ನಲವತ್ತು ಅಂತ ಬರಿ, ನಿಜ ಬರೆದರೆ ನೆಲ ಅಗೆಯಬೇಕು, ಊರಿಗೆಲ್ಲ ಗ್ಯಾಸು ನಿಲ್ಲುತ್ತೆ, ಬೈಗುಳವೆಲ್ಲ ನಿನಗೆ. ಮುಂದಿನ ವರ್ಷ ನಿಜ ಬರೆದರಾಯಿತು ಎಂದುಕೊಂಡು ಇವನು ಬರೆದ. ಮುಂದಿನ ವರ್ಷ ನಿಜ ಬರೆದರೆ ಹಿಂದಿನ ವರ್ಷದ್ದು ಸುಳ್ಳಾಗುತ್ತಿತ್ತು. ಹಾಗೇ ವರ್ಷಗಳು ಹೋದವು. ಅವನೇನು ಕಳ್ಳನಲ್ಲ, ಒಂದು ಸಲ ಹೆದರಿದವನು, ಅಷ್ಟೆ.

ಆಮೇಲೆ ಮಷೀನು ಬಂತು. ಇಬ್ಬರು ಹೊತ್ತು ಒಯ್ಯಬಹುದಾದ ಬ್ಯಾಟರಿ ಪೆಟ್ಟಿಗೆ, ಅದಕ್ಕೊಂದು ಉದ್ದ ತೋಳು. ತೋಳನ್ನು ಚಕ್ರದ ನಡುವಿನ ದಂಡಕ್ಕೆ ಕಚ್ಚಿಸಿದರೆ ತಾನೇ ತಿರುಗಿಸುತ್ತದೆ. ಎಷ್ಟು ಸುತ್ತು, ಎಷ್ಟು ಬಲ ಎಂದು ಪರದೆಯಲ್ಲಿ ತೋರಿಸುತ್ತದೆ. ಅದನ್ನು ನಡೆಸಲು ತರಬೇತಿ ಪಡೆದು ಬಂದವಳು ಅವನ ಮಗಳೇ. ಇನ್ಮೇಲೆ ನಿನ್ನ ಭುಜಕ್ಕೆ ರಜಾ ಎಂದು ಅವಳು ಹೇಳಿದ ದಿನ ಅವನು ಹಿಗ್ಗಿ ಹೀರೇಕಾಯಿಯಾಗಿದ್ದ.

ಹದಿನಾರು ವಾಲ್ವು ಸಲೀಸಾಗಿ ಮುಗಿದವು. ಅವನು ಪಕ್ಕದಲ್ಲಿ ನಿಂತು ಎಣಿಸುತ್ತಿದ್ದ, ಪರದೆಯೂ ಅದನ್ನೇ ಹೇಳುತ್ತಿತ್ತು, ಅಪ್ಪ ಮಗಳು ಮುಖ ನೋಡಿಕೊಂಡು ನಗುತ್ತಿದ್ದರು. ಹದಿನೇಳನೆಯದರ ವಿಷಯವನ್ನು ದಾರಿಯಲ್ಲಿ ಜೀಪಿನಲ್ಲೇ ಹೇಳಿಬಿಡಬೇಕೆಂದು ಗಟ್ಟಿ ಮನಸ್ಸು ಮಾಡಿ ಹೊರಟ. ಆದರೆ ಅವತ್ತೇ ಕಚೇರಿಯ ಸಾಹೇಬರು ಮಷೀನು ನೋಡಬೇಕೆಂದು ಮುಂದಿನ ಸೀಟಿನಲ್ಲಿ ಬಂದು ಕೂತರು. ದಾರಿಯುದ್ದಕ್ಕೂ ಮಗಳ ಹತ್ತಿರ ಅವಳಪ್ಪನ ಗುಣಗಾನ: ಹೊಸಬರಿಗೆಲ್ಲ ಅವನ ರಿಜಿಸ್ಟರನ್ನೇ ತೋರಿಸುತ್ತಾರಂತೆ. ಎಣಿಕೆಯಣ್ಣ ರಸ್ತೆಬದಿಯ ಕಂಬಗಳನ್ನು ಎಣಿಸತೊಡಗಿದ.

ಇನ್ನೂರ ಹನ್ನೆರಡಕ್ಕೆ ಮಷೀನು ತಾನಾಗಿ ನಿಂತಿತು. ಪರದೆ ಹಳದಿಯಾಯಿತು. ಮಗಳು ತಿರುಗಿ ನೋಡಿದಳು.

"ಅಪ್ಪ, ಇದು ಪೂರ್ತಿ ಮುಚ್ಚುತ್ತೆ ತಾನೆ?"

ಸಾಹೇಬರು ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತಿದ್ದರು. ಮುಚ್ಚುತ್ತೆ, ಎಂದ ಅವನು.

ಅವಳು ಬಲ ಹೆಚ್ಚಿಸಿದಳು. ಆಗಲಿಲ್ಲ. ಇನ್ನೊಂದು ಸಲ ಹೆಚ್ಚಿಸಿದಳು. ಒಳಗೆಲ್ಲೋ ಒಣಕಡ್ಡಿ ಮುರಿದಂತೆ ಸಣ್ಣ ಸದ್ದು. ಆಮೇಲೆ ಸುತ್ತುಗಳು ಓಡಿದವು, ಇನ್ನೂರ ಹದಿಮೂರು, ಹದಿನಾಲ್ಕು, ಸರಸರನೆ ಇನ್ನೂರ ನಲವತ್ತು. ಸಾಹೇಬರು ಭೇಷ್ ಎಂದರು. ದಂಡ ತುಂಡಾಗಿ ಸುಮ್ಮನೆ ತಿರುಗುತ್ತಿದೆ ಎಂಬುದು ಎಣಿಕೆಯಣ್ಣನಿಗೆ ಗೊತ್ತಾಗಿತ್ತು. ತೆರೆಯಲು ಹೋದಾಗ ಉಳಿದವರಿಗೂ ಗೊತ್ತಾಯಿತು.

ಬಹುಪಾಲು ಮುಚ್ಚಿ ಸಿಕ್ಕಿಕೊಂಡ ವಾಲ್ವನ್ನು ಅಗೆದು, ಕತ್ತರಿಸಿ, ಹೊಸದು ಕೂರಿಸುವಷ್ಟರಲ್ಲಿ ಐದು ದಿನವಾಯಿತು. ಸಣ್ಣ ಪೈಪಿನ ಗ್ಯಾಸು ಯಾವ ಮೂಲೆಗೂ ಸಾಲದೆ ಅರ್ಧ ಊರಿನ ಒಲೆ ಹತ್ತಲಿಲ್ಲ. ಬಯ್ಯಲು ಯಾರಾದರೂ ಬೇಕಲ್ಲ. ಮೂವತ್ತೊಂದು ವರ್ಷ ಒಬ್ಬ ಮನುಷ್ಯ ಬರಿಗೈಯಲ್ಲಿ ಮುಚ್ಚಿದ ವಾಲ್ವನ್ನು ಈ ಹುಡುಗಿ ಮೊದಲ ಸಲಕ್ಕೇ ಮುರಿದಳು ಎಂದು ಮಾತಾಯಿತು. ಅವಳನ್ನು ಕೆಲಸದಿಂದ ತೆಗೆಯುವುದೆಂದು ಗಟ್ಟಿಯಾಯಿತು.

ಎಣಿಕೆಯಣ್ಣ ವಿಚಾರಣೆಯ ಕೋಣೆಗೆ ಹೋಗಿ ಮೇಜಿನ ಆಚೆ ಕೂತ ಮೂವರ ಮುಂದೆ ಎಲ್ಲವನ್ನೂ ಹೇಳಿದ. ಹಿರಿಯನ ಮಾತು, ಇನ್ನೂರ ಹನ್ನೆರಡು, ಮೂವತ್ತೊಂದು ಸಹಿ, ಒಂದನ್ನೂ ಬಿಡಲಿಲ್ಲ. ನಡುವೆ ಕೂತಿದ್ದ ಅಧಿಕಾರಿ ಕನ್ನಡಕ ತೆಗೆದಿಟ್ಟು ನೀರಿನ ಲೋಟವನ್ನು ಅವನತ್ತ ಸರಿಸಿದರು.

"ನಿಮ್ಮ ಜಾಗದಲ್ಲಿ ನಾನಿದ್ರೂ ಹೀಗೇ ಹೇಳ್ತಿದ್ದೆ. ನನಗೂ ಮಗಳಿದ್ದಾಳೆ."

ಆಣೆ ಇಟ್ಟ. ವಾಲ್ವು ಬಿಚ್ಚಿ ನೋಡಿ ಎಂದು ಕೈ ಮುಗಿದ. ಅದು ಆಗಲೇ ತುಂಡುತುಂಡಾಗಿ ಗುಜರಿಗೆ ಹೋಗಿತ್ತು. ಅಧಿಕಾರಿ ರಿಜಿಸ್ಟರ್ ತೆರೆದು ಒಂದೊಂದೇ ಹಾಳೆ ತಿರುವಿ ಅವನ ಸಹಿಯನ್ನೇ ಅವನಿಗೆ ತೋರಿಸಿದರು. ಇಂಥ ಮನುಷ್ಯ ಮಗಳಿಗಾಗಿ ಸುಳ್ಳು ಹೇಳುವ ಹಾಗಾಯಿತಲ್ಲ ಎಂದು ಅವರಿಗೆ ನಿಜವಾಗಿಯೂ ಬೇಸರವಾಗಿತ್ತು. ಮನೆಗೆ ಹೋಗಿ ಎಂದರು.

ಮನೆಯಲ್ಲಿ ಮಗಳು ಕಚೇರಿಗೆ ಹಿಂದಿರುಗಿಸಬೇಕಾದ ಕೆಲಸದ ಬಟ್ಟೆಯನ್ನು ಇಸ್ತ್ರಿ ಮಾಡುತ್ತಿದ್ದಳು. ಯಾರೂ ನಂಬಲಿಲ್ಲಮ್ಮ ಎಂದು ಅವನು ಬಾಗಿಲಲ್ಲೇ ಕೂತ. ಅವಳು ಒಂದು ತೋಳು ಮುಗಿಸಿ ಇನ್ನೊಂದನ್ನು ಹರಡಿಕೊಂಡಳು. ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

"ನಾನು ನಂಬ್ತೀನಪ್ಪ. ಅವತ್ತು ಮಷೀನು ನಿಜಾನೇ ಹೇಳಿತ್ತು. ಅದನ್ನ ನಂಬದೆ ನಿನ್ನ ಕೇಳ್ದೆ."