ಹಸಿರು ಸೀಸೆಯ ಸಿರ್ಕಾ

ಗಂಗಾಬಾಯಿ ಮೀನಿನ ಸಾರಿನ ರುಚಿ ನೋಡುವ ಕ್ರಮ ಒಂದೇ. ಸೌಟಿನಿಂದ ಎಡ ಅಂಗೈಗೆ ಒಂದು ಹನಿ ಬಿಟ್ಟುಕೊಂಡು, ಕಣ್ಣು ಮುಚ್ಚಿ ನೆಕ್ಕುವುದು. ಯಾದಗಿರಿ ಕಡೆಯ, ಹೊಳೆದಂಡೆಯ ಹೆಂಗಸು. ಮೀನಿನ ವಿಷಯದಲ್ಲಿ ಅವಳಿಗೆ ಎದುರಾಡುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ. ತೆಲುಗು ಸೀಮೆಯ ಈ ಮಹಾನಗರದಲ್ಲಿ ಸನತ್‌ನಗರದಿಂದ ಎರಡು ಬಸ್ಸು ಬದಲಿಸಿ ಕೊಂಡಾಪುರಕ್ಕೆ ಬಂದು, ನನ್ನ ಮನೆಯಲ್ಲೂ ಎದುರು ಫ್ಲ್ಯಾಟಿನ ತನ್ವಿಯ ಮನೆಯಲ್ಲೂ ಅಡುಗೆ ಮಾಡುತ್ತಿದ್ದಳು.

ಕೆಲಸಕ್ಕೆ ಸೇರುವಾಗ ಸಂಬಳದ ಮಾತಿಗಿಂತ ಮೊದಲು ಕೇಳಿದ್ದು ಇದನ್ನೇ: "ಮನ್ಯಾಗ ಕುಡಿಯೋರು ಅದಾರೇನ್ರಿ ಅಕ್ಕಾರ?" ಅವಳ ಗಂಡ ಹುಲಗೇಶ ಕುಡಿದು ಕುಡಿದೇ ಸತ್ತಿದ್ದ. ಜೊತೆಗೆ ಕೂತು ಕುಡಿಯುತ್ತಿದ್ದವನು ಅವಳ ಸ್ವಂತ ಅಣ್ಣ ಅಂಬಣ್ಣ. ಗಂಡನನ್ನು ಮಣ್ಣು ಮಾಡಿ ಬಂದ ದಿನವೇ, ಕುಡಿಯುವವರ ಮನೆಯ ನೀರೂ ಮುಟ್ಟುವುದಿಲ್ಲ ಎಂದು ಯಲ್ಲಮ್ಮನ ಮೇಲೆ ಆಣೆ ಇಟ್ಟಳು. ಅಂಬಣ್ಣನ ಮನೆ ಅವಳ ಓಣಿಯಲ್ಲೇ, ನಾಲ್ಕು ಬಾಗಿಲಾಚೆ. ಹೋದ ವರ್ಷ ಅವನ ಮಗಳು ರೇಣುಕಾಳ ಮದುವೆಯಲ್ಲೂ ದೂರ ನಿಂತು ಅಕ್ಷತೆ ಹಾಕಿ, ಉಣ್ಣದೆ ಬಂದಳು. ಹುಡುಗಿ ಅಳುತ್ತಾ ಕರೆದರೂ ತಿರುಗಿ ನೋಡಲಿಲ್ಲ. ಹಟ ಎಂದರೆ ಅಂಥ ಹಟ.

"ಛೇ, ನಮ್ಮನೇಲಿ ಅಂಥದ್ದೆಲ್ಲ ಇಲ್ಲ" ಎಂದಿದ್ದಳು ತನ್ವಿ. ನಾನು ಪಕ್ಕದಲ್ಲೇ ಇದ್ದೆ. ಅವಳ ಫ್ರಿಜ್ಜಿನಲ್ಲಿ ಬಿಳಿ ವೈನ್ ಇರುವುದು ನನಗೆ ಗೊತ್ತಿತ್ತು. ಒಂದೆರಡು ಸಲ ನಾನೂ ಕುಡಿದಿದ್ದೆ. ಒಳ್ಳೆಯ ಅಡುಗೆಯವಳು ಕೈತಪ್ಪಿ ಹೋದಾಳೆಂದು ಸುಮ್ಮನಾದೆ. ನನ್ನ ಹಾಳು ಬಾಯಿ ಬೇಡದ ಕಡೆಯೆಲ್ಲ ತೆರೆಯುತ್ತದೆ, ಬೇಕಾದ ಕಡೆ ಬೀಗ.

ಆ ಬೇಸಿಗೆಯಲ್ಲಿ ತನ್ವಿಗೆ ಹೊಸ ಹುಚ್ಚು ಹಿಡಿಯಿತು. ಸ್ನೇಹಿತರನ್ನು ಕರೆದು ಮನೆಯ ಮೀನಿನ ಸಾರಿಗೆ ಬಿಳಿ ವೈನ್ ಜೋಡಿಸಿ ಬಡಿಸಬೇಕು. ಹುಣಸೆ ಹೆಚ್ಚಾದರೆ ವೈನಿನ ರುಚಿ ಸಾಯುತ್ತದಂತೆ, ಖಾರ ಹೆಚ್ಚಾದರೆ ಬರೀ ಉರಿಯಂತೆ. ಹದ ಸಿಗುವವರೆಗೆ ನಾಲ್ಕು ಭಾನುವಾರ ಗಂಗಾಬಾಯಿಯಿಂದ ಸಾರು ಮಾಡಿಸಿದಳು. ಹುಣಸೆ ಅರ್ಧ, ಖಾರ ಅರ್ಧ, ತೆಂಗಿನ ಹಾಲು. ಕೊನೆಗೆ ಹಸಿರು ಸೀಸೆಯಿಂದ ಒಂದಿಷ್ಟು.

"ಇದೇನ್ರಿ ಅಕ್ಕಾರ?"

"ದ್ರಾಕ್ಷಿ ಸಿರ್ಕಾ. ಹುಳಿಗೆ."

ಸಿರ್ಕಾ ಎಂದರೆ ವಿನೆಗರ್, ಈ ಊರಿನ ಅಡುಗೆಮನೆಗೆ ಹೊಸದಲ್ಲ. ನಂಬಿದಳು. ಪ್ರತಿ ಸಲವೂ ಅಂಗೈಗೆ ಹನಿ ಬಿಟ್ಟು ನೆಕ್ಕಿ, "ಈಗ ಹದಕ್ಕ ಬರಾಕತ್ತೈತಿ ನೋಡ್ರಿ" ಎಂದಳು. ನಾನು ಎದುರಿಗೇ ನಿಂತು ನೋಡಿದೆ.

ಐದನೇ ಭಾನುವಾರ ಮಧ್ಯಾಹ್ನ ಅತಿಥಿಗಳು ಬಂದರು. ಗಂಗಾಬಾಯಿ ಸಾರಿನ ಪಾತ್ರೆ ಹೊತ್ತು ತಂದಾಗ ತನ್ವಿ ಅದೇ ಹಸಿರು ಸೀಸೆಯಿಂದ ಎಲ್ಲರ ಲೋಟಕ್ಕೆ ಸುರಿಯುತ್ತಿದ್ದಳು. ಸಿರ್ಕಾವನ್ನು ಯಾರೂ ಲೋಟಗಟ್ಟಲೆ ಕುಡಿಯುವುದಿಲ್ಲ. ಅವಳು ಪಾತ್ರೆ ಇಟ್ಟು, ಒಂದು ಲೋಟ ಎತ್ತಿ ಮೂಸಿ ನೋಡಿದಳು.

ತನ್ವಿ ನಕ್ಕಳು. "ಇದು ಸಾರಾಯಿ ಅಲ್ಲ ಗಂಗಾಬಾಯಿ, ಬರೀ ವೈನ್. ಸಾರಲ್ಲಿ ಹೆಂಗೂ ಕುದ್ದು ಹೋಗುತ್ತೆ."

ಗಂಗಾಬಾಯಿ ಅವಳತ್ತ ನೋಡಲಿಲ್ಲ, ನನ್ನನ್ನು ನೋಡಿದಳು. "ನಿಮಗೂ ಗೊತ್ತಿತ್ತೇನ್ರಿ, ಭವಾನಿ ಅಕ್ಕಾರ?"

ನಾನು ತಟ್ಟೆ ನೋಡುತ್ತಾ ಕೂತೆ. ಸುಳ್ಳು ಹೇಳಿದವಳು ತನ್ವಿ, ಆದರೆ ಅದಕ್ಕೆ ಕಾವಲು ನಿಂತವಳು ನಾನು.

"ನಮ್ಮ ರೇಣುಕಾನ ಮದಿವ್ಯಾಗ ಒಂದ್ ತುತ್ತು ಉಣ್ಣಲಿಲ್ರಿ ನಾ" ಎಂದಳು. ಎಡ ಅಂಗೈಯನ್ನು ಸೀರೆಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ಚಪ್ಪಲಿ ಮೆಟ್ಟಿ ಹೊರಟುಹೋದಳು.

ಆಮೇಲೆ ಬರಲಿಲ್ಲ. ಬುಧವಾರ ಬೆಳಿಗ್ಗೆ ನಾನೇ ಸನತ್‌ನಗರಕ್ಕೆ ಹೋದೆ. ಅವಳ ಬಾಗಿಲಿಗೆ ಬೀಗ. ನಾಲ್ಕು ಬಾಗಿಲಾಚೆ, ಅಂಬಣ್ಣನ ಮನೆಯ ಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದಳು.

"ಆಣಿ ಮುರದಾಕಿ, ಇನ್ನ ಯಾವ ಮುಖಾ ಇಟ್ಕೊಂಡು ಇವನ ಮನಿ ಬ್ಯಾಡ ಅನ್ಲಿ?"

ತಪ್ಪಾಯಿತು ಎಂದೆ. ಅವಳು ಇನ್ನೊಂದು ತುಂಡು ರೊಟ್ಟಿ ಮುರಿದಳು. ಅಂಬಣ್ಣ ಒಳಗಿನಿಂದ ತಂಬಿಗೆ ತಂದು ನನ್ನ ಮುಂದೆ ಹಿಡಿದ. ನನಗೆ ಕೈ ಚಾಚಲಾಗಲಿಲ್ಲ.

"ಕುಡೀರಿ ಅಕ್ಕಾರ, ನೀರು" ಎಂದಳು ಗಂಗಾಬಾಯಿ. "ನಮ್ಮಣ್ಣ ಕುಡುಕ ಖರೆ. ಆದ್ರ ಏನ್ ಕೊಟ್ರೂ ಅದು ಏನಂತ ಹೇಳಿ ಕೊಡ್ತಾನ."