ತಲೆಯಾಡಿಸಿದರೆ ಒಪ್ಪಿದಂತಲ್ಲ

ಬೆಳಕು ಹರಿಯುವ ಮುಂಚೆಯೇ ಒಡಿಲಿಯಾಳ ಫೋನು ಬಡಿದುಕೊಳ್ಳುತ್ತದೆ. ಸ್ಟ್ರಾಬೆರಿ ತೋಟಕ್ಕೆ ಕೂಲಿಗೆ ಹೊರಟವಳು ದೂಳಿಗೆಂದು ಮುಖಕ್ಕೆ ಸುತ್ತಿದ ಬಟ್ಟೆಯನ್ನೂ ಬಿಚ್ಚದೆ ಪೊಲೀಸ್ ಠಾಣೆಯತ್ತ ಕಾರು ತಿರುಗಿಸುತ್ತಾಳೆ. ಅಲ್ಲಿ ಒಳಕೋಣೆಯಲ್ಲಿ ನಸಾರಿಯೊ ಕೂತಿದ್ದಾನೆ. ತೋಟದ ಕೂಲಿಯಾಳು, ಮಾಲೀಕರ ಪಿಕಪ್ ಗಾಡಿ ಕದ್ದನೆಂಬ ಅನುಮಾನ. ಇಂಗ್ಲಿಷ್ ಬಾರದು, ಸ್ಪ್ಯಾನಿಷ್ ಅರೆಬರೆ. ಬರುವುದು ಮೆಕ್ಸಿಕೊದ ಬೆಟ್ಟಗಳ ಮಿಸ್ತೆಕೊ ಒಂದೇ. ಕ್ಯಾಲಿಫೋರ್ನಿಯಾದ ಈ ಕರಾವಳಿ ಊರಲ್ಲಿ ಆ ನುಡಿಗೆ ಒಡಿಲಿಯಾಳೇ ದುಭಾಷಿ.

"ಸುಮ್ನೆ ಮಾತಾಡೋಣ ಅಂತ ಕೂರಿಸಿದೀವಿ," ಎನ್ನುತ್ತಾನೆ ಡಿಟೆಕ್ಟಿವ್ ಹಾಲೊರನ್.

"ಹಾಗಾದ್ರೆ ಎದ್ದು ಹೋಗ್ಲಾ ಅಂತ ಕೇಳ್ತಿದಾನೆ ಸಾರ್."

"ಹೋಗೋ ಹಾಗಿಲ್ಲ."

ಹೋಗಲೂ ಬಿಡದೆ ಪ್ರಶ್ನೆಯನ್ನೂ ಕೇಳುವುದಾದರೆ ಮೊದಲು ಹಕ್ಕು ತಿಳಿಸಲೇಬೇಕು. ಹಾಲೊರನ್ ಜೇಬಿನಿಂದ ಕಾರ್ಡು ತೆಗೆದು ಓದುತ್ತಾನೆ, ಒಡಿಲಿಯಾ ಮಿಸ್ತೆಕೊದಲ್ಲಿ ನುಡಿಯುತ್ತಾಳೆ: ನೀನು ಸುಮ್ಮನಿರಬಹುದು. ಆಡಿದ ಮಾತು ಕೋರ್ಟಿನಲ್ಲಿ ನಿನ್ನ ವಿರುದ್ಧವೇ ತಿರುಗಬಹುದು. ವಕೀಲರನ್ನು ಕೇಳಬಹುದು, ಹಣ ಕೊಡಲು ಕೈಲಾಗದಿದ್ದರೆ ಸರ್ಕಾರವೇ ವಕೀಲರನ್ನು ಕೊಡುತ್ತದೆ.

ಒಂದೊಂದಕ್ಕೂ ನಸಾರಿಯೊ ತಲೆಯಾಡಿಸುತ್ತಾನೆ.

"ಸರಿ, ಒಪ್ಪಿದ. ಶುರು ಮಾಡೋಣ," ಎನ್ನುತ್ತಾನೆ ಹಾಲೊರನ್.

ಒಡಿಲಿಯಾ, ನಸಾರಿಯೊ ಇಬ್ಬರ ಬೆಟ್ಟದೂರುಗಳಲ್ಲೂ ದೊಡ್ಡವರು ಮಾತಾಡುವಾಗ ತಲೆಯಾಡಿಸುವುದು ಮರ್ಯಾದೆ. 'ಕೇಳುತ್ತಿದ್ದೇನೆ' ಎಂದಷ್ಟೇ ಅರ್ಥ. ಒಡಿಲಿಯಾಳ ಅಣ್ಣ ಫಿಡೆನ್ಸಿಯೊ ಬೇರೊಂದು ಊರಿನ ಠಾಣೆಯಲ್ಲಿ ಹೀಗೇ ತಲೆಯಾಡಿಸಿ, ತಾನು ಮಾಡದ್ದಕ್ಕೂ ತಲೆಯಾಡಿಸಿ ಜೈಲು ಸೇರಿದ. ಈಗಲೂ ಕಾವಲಿನವರು ಏನಂದರೂ ತಲೆಯಾಡಿಸುತ್ತಾನೆ. ಅವನನ್ನು ಕಂಡು ಬಂದಮೇಲೆಯೇ ಇವಳು ಈ ಕೆಲಸ ಕಲಿತದ್ದು, ಮಕ್ಕಳನ್ನು ಮಲಗಿಸಿ, ಚರ್ಚಿನಲ್ಲಿ ನಡೆಯುವ ದುಭಾಷಿ ತರಗತಿಗೆ ಓಡಿ.

ದುಭಾಷಿ ತನ್ನ ಮಾತು ಸೇರಿಸಿ ಬುದ್ಧಿ ಹೇಳುವಂತಿಲ್ಲ. "ಸುಮ್ನಿರೋದು ಬಾಯಲ್ಲಿ ಕೆಂಡ ಇಟ್ಕೊಂಡ ಹಾಗಿರುತ್ತೆ," ಎನ್ನುತ್ತಾಳೆ ಕೇಳಿದವರಿಗೆ. ಆದರೆ ತನ್ನ ಜನರ ರೂಢಿಯನ್ನು ಪೊಲೀಸರಿಗೆ ತಿಳಿಸಬಹುದು.

"ಸಾರ್, ನಮ್ಮಲ್ಲಿ ತಲೆ ಆಡಿಸಿದ್ರೆ ಒಪ್ಪಿಗೆ ಅಲ್ಲ. ಏನು ಅರ್ಥ ಆಯ್ತು ಅಂತ ಅವನ ಬಾಯಲ್ಲೇ ಹೇಳಿಸಿ."

"ನೀನು ದುಭಾಷಿನೋ ವಕೀಲೆನೋ ತಾಯಿ?"

"ವಕೀಲೆ ಆಗಿದ್ರೆ ಈ ಕೆಸರು ಬೂಟಲ್ಲಿ ಬರ್ತಿದ್ನಾ ಸಾರ್?"

ಹಾಲೊರನ್ ಎಲ್ಲವನ್ನೂ ದಾಖಲಿಸುವ ಮೂಲೆಯ ಕ್ಯಾಮೆರಾ ಕಡೆ ನೋಡುತ್ತಾನೆ, ಉಸಿರು ಬಿಟ್ಟು ಏನು ಅರ್ಥವಾಯಿತೆಂದು ನಸಾರಿಯೊನನ್ನು ಕೇಳುತ್ತಾನೆ. ನಸಾರಿಯೊ ಮೊದಲ ಬಾರಿ ತಲೆ ಎತ್ತುತ್ತಾನೆ.

"ಚಿಕ್ಕಮ್ಮಾ, ನಾನು ಸುಮ್ನಿದ್ರೆ ಸಾಹೇಬ್ರಿಗೆ ಕೋಪ ಬರಲ್ವಾ?"

ಊರ ರೂಢಿಯಂತೆ ಅವನು ಕರೆದ 'ಚಿಕ್ಕಮ್ಮಾ' ಎಂಬುದನ್ನೂ ಬಿಡದೆ ಒಡಿಲಿಯಾ ಇಂಗ್ಲಿಷಿಗೆ ದಾಟಿಸುತ್ತಾಳೆ.

"ಬರಲ್ಲ," ಎನ್ನುತ್ತಾನೆ ಹಾಲೊರನ್, ದನಿ ತಗ್ಗಿಸಿ.

"ಹಾಗಾದ್ರೆ ವಕೀಲರು ಬರ್ಲಿ," ಎನ್ನುತ್ತಾನೆ ನಸಾರಿಯೊ.

ವಕೀಲರನ್ನು ಕೇಳಿದ ಮೇಲೆ ಪೊಲೀಸರು ಮುಂದುವರಿಸುವಂತಿಲ್ಲ; ಅಲ್ಲಿಗೆ ಪ್ರಶ್ನೆ ನಿಲ್ಲುತ್ತದೆ.

ಹೊರಗೆ ಬಿಸಿಲೇರಿದೆ. ತೋಟದಲ್ಲಿ ಒಡಿಲಿಯಾ ಹಣ್ಣು ಬಿಡಿಸುವ ಸಾಲು ಇಷ್ಟೊತ್ತಿಗೆ ಬೇರೆಯವರ ಪಾಲಾಗಿರುತ್ತದೆ, ಇವತ್ತಿನ ಕೂಲಿ ಹೋದಂತೆ. ಆದರೂ ಕಾರಿನ ಕೀಲಿ ತಿರುಗಿಸುತ್ತಲೇ ತನ್ನಷ್ಟಕ್ಕೆ ಮಾತಾಡುತ್ತಾಳೆ: "ನಮ್ಮಣ್ಣಂಗೆ ಅವತ್ತು ಯಾರಾದ್ರೂ 'ಏನು ಅರ್ಥ ಆಯ್ತು, ನೀನೇ ಹೇಳಪ್ಪ' ಅಂದಿದ್ರೆ ಸಾಕಿತ್ತು. ನಾನಿಲ್ದಿರೋ ದಿನಾನೂ ಪೊಲೀಸ್ರು ಅಷ್ಟು ಕೇಳಿದ್ರೆ, ನಾನು ನೆಮ್ಮದಿಯಾಗಿ ಹಣ್ಣು ಬಿಡಿಸ್ಕೊಂಡು ಇರ್ತೀನಿ."